ಮಾದರಿಯ ಜೋಗಕ್ಕೆ ನೀರಿಳಿಸುವುದು ಹೇಗೆ?

ಪ್ರಶ್ನೆ: ಥರ್ಮೋಕೋಲ್ ಮೇಲೆ ಪ್ಲಾಸ್ಟರ್ ಮೆತ್ತಿ, 1:500ರ ಅಳತೆಯಲ್ಲಿ ಜೋಗ ಜಲಪಾತದ ಮಾದರಿ ಮಾಡುತ್ತಿದ್ದೇನೆ. ಜುಲೈನಲ್ಲಿ ಕೆಳಗಿನ ಮಡುವಿಗೆ ನೀರಿನ ಬದಲು ಸುರಿದ ಎಪಾಕ್ಸಿ ರೆಸಿನ್ (ಗಾಜಿನಂತೆ ಗಟ್ಟಿಯಾಗುವ ಪಾರದರ್ಶಕ ದ್ರವ) ಮಬ್ಬಾಗಿದೆ, ಮುಟ್ಟಿದರೆ ಅಂಟುತ್ತದೆ. ಬಂಡೆಯಿಂದ ಇಳಿಬಿಟ್ಟ ರೆಸಿನ್ ಧಾರೆ ಗಾಜಿನ ಕಡ್ಡಿಯಂತೆ ಕಾಣುತ್ತದೆ. ಸರಿಪಡಿಸಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಮಡುವನ್ನು ಬಹುಶಃ ಉಳಿಸಿಕೊಳ್ಳಬಹುದು, ಧಾರೆಯನ್ನು ಮಾತ್ರ ತೆಗೆದು ಹೊಸದಾಗಿ ಮಾಡಬೇಕು.

ಮಳೆಗಾಲದ ಮಲೆನಾಡಿನಲ್ಲಿ ಗಾಳಿಯ ತೇವವೂ ಇಂಗಾಲದ ಡೈಆಕ್ಸೈಡೂ, ರೆಸಿನ್ ಗಟ್ಟಿಯಾಗಲೆಂದು ಬೆರೆಸುವ ಹಾರ್ಡ್‌ನರ್ ದ್ರವದ ಜೊತೆ ಸೇರಿ, ರೆಸಿನ್ನಿನ ಮೇಲೆ ಮೇಣದಂಥ ಬಿಳಿ ಪೊರೆ ಕಟ್ಟುತ್ತವೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉಜ್ಜಿ ನೋಡಿರಿ. ಅಂಟು ಹೋದರೆ ದೋಷ ಮೇಲ್ಮೈಯದು. ಚೆನ್ನಾಗಿ ಒಣಗಿಸಿ, ಉಪ್ಪುಕಾಗದದಿಂದ ನವಿರಾಗಿ ತಿಕ್ಕಿ, ಮೇಲೊಂದು ತೆಳು ಪದರ ಸುರಿದರೆ ಸಾಕು. ಉಗುರು ಊರಿದಲ್ಲಿ ಗುಳಿ ಬೀಳುತ್ತಿದ್ದರೆ ಎರಡು ದ್ರವಗಳ ಪ್ರಮಾಣವೋ ಕಲಸಿದ್ದೋ ತಪ್ಪಿದೆ. ಅದನ್ನು ಕೆರೆದು ತೆಗೆಯದೆ ದಾರಿಯಿಲ್ಲ. ಮುಂದಿನ ಸುರಿತವನ್ನು ಮಳೆ ನಿಂತು ಗಾಳಿ ಒಣಗುವವರೆಗೆ ದಯವಿಟ್ಟು ಮುಂದೂಡಿರಿ. ಒಮ್ಮೆಗೇ ದಪ್ಪನಾಗಿ ಸುರಿದರೆ ಗಟ್ಟಿಯಾಗುವಾಗ ಹುಟ್ಟುವ ಕಾವಿಗೆ ಒಳಗಿನ ಥರ್ಮೋಕೋಲ್ ಕುಗ್ಗೀತು. ಪ್ಲಾಸ್ಟರಿಗೆ ಮೊದಲೇ ಬಣ್ಣ, ವಾರ್ನಿಷ್ ಬಳಿದು ರಂಧ್ರ ಮುಚ್ಚದಿದ್ದರೆ ಗುಳ್ಳೆಗಳು ಏಳುತ್ತವೆ. ಕೈಗವಸು ಹಾಕಿಕೊಂಡು, ಕಿಟಕಿ ತೆರೆದಿಟ್ಟೇ ಕೆಲಸ ಮಾಡಿರಿ.

ಮಡುವಿನ ಆಳ ರೆಸಿನ್ನಿನ ದಪ್ಪದಿಂದ ಬರುವುದಲ್ಲ, ತಳದ ಬಣ್ಣದಿಂದ ಬರುತ್ತದೆ: ನಡುವೆ ಕಪ್ಪಿಗೆ ತಿರುಗಿದ ಹಸಿರು, ಅಂಚಿಗೆ ಬಂದಂತೆ ಮಣ್ಣುಕಂದು.

ಇನ್ನು ಧಾರೆ. ನಿಜವಾದ ಜೋಗದ 253 ಮೀಟರು ನಿಮ್ಮ ಮಾದರಿಯಲ್ಲಿ ಸುಮಾರು 50 ಸೆಂಟಿಮೀಟರು. ಜಲಪಾತ ಇಷ್ಟು ಚಿಕ್ಕದಾಗಿ ಕಾಣುವಷ್ಟು ದೂರದಿಂದ ನೋಡುವ ಕಣ್ಣಿಗೆ ಬೀಳುವ ನೀರು ಪಾರದರ್ಶಕವಲ್ಲ, ಗಾಳಿ ಬೆರೆತು ಹಾಲಿನಂತೆ ಬೆಳ್ಳಗಿರುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾರದರ್ಶಕ ಸಿಲಿಕೋನ್ ಸೀಲಂಟನ್ನು ಉದ್ದುದ್ದ ಗೆರೆಗಳಾಗಿ ಹಿಂಡಿ, ಹಲ್ಲುಕಡ್ಡಿಯಿಂದ ಮೇಲಿನಿಂದ ಕೆಳಕ್ಕೆ ಸೀಳಿ, ಒಂದು ದಿನ ಒಣಗಿದ ಮೇಲೆ ಎಬ್ಬಿಸಿ ಬಂಡೆಗೆ ಕೂರಿಸಿರಿ. ಒಣಗಿದ ಸಿಲಿಕೋನಿಗೆ ಬಣ್ಣ ಹಿಡಿಯದ ಕಾರಣ, ಅದು ಹಸಿಯಿರುವಾಗಲೇ ಬಿಳಿ ಪಾಲಿಯೆಸ್ಟರ್ ಹತ್ತಿಯ ಎಳೆಗಳನ್ನು ಒತ್ತಿಬಿಡಬೇಕು. ನಾಲ್ಕೂ ಕವಲಿಗೆ ಒಂದೇ ಅಚ್ಚು ಬಳಸಬೇಡಿರಿ. ರಾಜ ನೇರವಾದ ಒಂದೇ ಕಂಬ, ರೋರರ್ ನಡುವಿನ ಬಂಡೆಗೆ ಬಡಿದು ಓರೆಯಾಗಿ ಧುಮುಕುತ್ತದೆ, ರಾಕೆಟ್ ಚಿಮ್ಮುತ್ತದೆ, ರಾಣಿ ಬಂಡೆಗೆ ಆತುಕೊಂಡು ನೊರೆಯಾಗಿ ಜಾರುತ್ತದೆ. ಬುಡದ ಹನಿಮಂಜಿಗೆ ಅದೇ ಹತ್ತಿಯನ್ನು ಹಿಂಬದಿಯ ಬಂಡೆ ಕಾಣುವಷ್ಟು ತೆಳ್ಳಗೆ ಎಳೆದು, ಎಲ್ಲ ಕೆಲಸ ಮುಗಿದ ಮೇಲೆ ಕೊನೆಗೆ ಅಂಟಿಸಿರಿ.