ಪ್ರತಿ ವೈರ್‌ಗೂ ಎರಡು ತುದಿ

ಕಳೆದ ಸಂಚಿಕೆಯಲ್ಲಿ ನಾನು ಮಾಡಿದ 1:24 ಅಳತೆಯ ಅಂಬಾಸಿಡರ್ ಕಾರಿನ ಪುಟ್ಟ ಮಾದರಿಯ ಫೋಟೊ ಬಂದಿತ್ತು. ಆಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಬಾನೆಟ್ ಒಳಗಿನ ಎಂಜಿನ್ ಬಗ್ಗೆಯೇ ಕೇಳಿವೆ. ನನಗೆ ತುಂಬಾ ಖುಷಿಯಾಯಿತು. ಮೈಸೂರಿನಲ್ಲಿ 31 ವರ್ಷ ಗ್ಯಾರೇಜ್ ನಡೆಸಿದವನು ನಾನು. ಕಾರಿನ ಹೊರಗಿನ ಬಣ್ಣಕ್ಕಿಂತ ಬಾನೆಟ್ ಎತ್ತಿದಾಗ ಕಾಣುವುದೇ ನನಗೆ ಇಷ್ಟ. ಐದು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮಾದರಿ ಕಾರಿನ ಕಿಟ್‌ನಲ್ಲಿ ಬಂದ ಎಂಜಿನ್‌ಗೆ ನಾನೇ ಸ್ಪಾರ್ಕ್ ಪ್ಲಗ್ (ಪೆಟ್ರೋಲಿಗೆ ಕಿಡಿ ಹಚ್ಚುವ ಭಾಗ) ವೈರ್ ಹಾಕಿದ್ದೇನೆ. ಹಳೆಯ ಫೋನ್ ಚಾರ್ಜರ್ ಕೇಬಲ್ ಬಿಚ್ಚಿ ಒಳಗಿನ ಕಪ್ಪು ವೈರ್ ತೆಗೆದುಕೊಂಡೆ. ಆದರೂ ಆಟಿಕೆಯಂತೆಯೇ ಕಾಣುತ್ತದೆ. ಎಲ್ಲಿ ತಪ್ಪಿದೆ? ಅಂಬಾಸಿಡರ್ ಎಂಜಿನ್ ಮಾಡುವ ಆಸೆಯೂ ಇದೆ. (ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ನೀವು ಕಳಿಸಿದ ಫೋಟೊ ನೋಡಿದೆ. ಎರಡು ತಪ್ಪು ಕಂಡಿತು. ಮೊದಲನೆಯದು ದಪ್ಪ. 1:24 ಅಂದರೆ ನಿಜವಾದ ಕಾರಿನ 24 ಮಿ.ಮೀ. ನಿಮ್ಮ ಮಾದರಿಯಲ್ಲಿ 1 ಮಿ.ಮೀ. ನೀವು ಹಾಕಿರುವ ವೈರ್ ಸುಮಾರು 1 ಮಿ.ಮೀ. ದಪ್ಪ ಇರುವಂತಿದೆ. ಅಂದರೆ ನಿಜವಾದ ಎಂಜಿನ್ ಮೇಲೆ ತೋಟಕ್ಕೆ ನೀರು ಬಿಡುವ ಪೈಪ್ ಎಳೆದ ಹಾಗಾಯಿತು. ನಿಜವಾದ ಪ್ಲಗ್ ವೈರ್ 7 ಮಿ.ಮೀ. ದಪ್ಪ. ಅದನ್ನು 24ರಿಂದ ಭಾಗಿಸಿ, 0.29 ಬರುತ್ತದೆ. ಅಷ್ಟು ತೆಳು ಬೇಕು.

ಇಷ್ಟು ತೆಳು ತಂತಿ ಎಲ್ಲಿ ಸಿಗುತ್ತದೆ ಎಂದು ಹುಡುಕಬೇಡಿ. ಸೀಲಿಂಗ್ ಫ್ಯಾನ್ ರೀವೈಂಡಿಂಗ್ ಮಾಡುವವರ ಹತ್ತಿರ ಹೋಗಿ. ವೈಂಡಿಂಗ್ ತಂತಿಯನ್ನು ಗೇಜ್ ನಂಬರಿನ ಮೇಲೆ ಮಾರುತ್ತಾರೆ. 31 ನಂಬರ್ ತಂತಿ 0.295 ಮಿ.ಮೀ., ಹೆಚ್ಚುಕಡಿಮೆ ನಮಗೆ ಬೇಕಾದ ಅಳತೆಯೇ. 30 ನಂಬರ್ ಕೂಡ ನಡೆಯುತ್ತದೆ, ಅದು 0.315. ನಾಲ್ಕು ಗೇಣು ತಂತಿಗೆ ಯಾರೂ ದುಡ್ಡು ಕೇಳುವುದಿಲ್ಲ. ಮನೆಗೆ ತಂದು ಗಾಜಿನ ಮೇಲಿಟ್ಟು ಸ್ಟೀಲ್ ಸ್ಕೇಲಿನಿಂದ ಉರುಳಿಸಿ, ಸೊಟ್ಟ ಎಲ್ಲ ಹೋಗುತ್ತದೆ. ಮೊದಲು ಬೇಕಾದ ಹಾಗೆ ಬಗ್ಗಿಸಿಕೊಂಡು ಆಮೇಲೆ ಕಪ್ಪು ಬಣ್ಣ ಹಚ್ಚಿ. ಬಣ್ಣ ಹಚ್ಚಿ ಬಗ್ಗಿಸಿದರೆ ಬಿರುಕು ಬಿಟ್ಟು ತಾಮ್ರ ಇಣುಕುತ್ತದೆ.

ಪ್ಲಗ್ ಮೇಲಿನ ರಬ್ಬರ್ ಕ್ಯಾಪ್‌ಗೆ ಪ್ರತ್ಯೇಕ ಏನೂ ಬೇಡ. ತಂತಿಯ ತುದಿ ಒಂದೂವರೆ ಮಿ.ಮೀ.ನಷ್ಟು ಮಾತ್ರ ಫೆವಿಕಾಲ್‌ನಲ್ಲಿ ಅದ್ದಿ, ತಲೆಕೆಳಗಾಗಿ ನೇತುಹಾಕಿ ಒಣಗಿಸಿ. ಮೂರು ಸಲ ಹೀಗೆ ಮಾಡಿದರೆ ತುದಿ ದಪ್ಪಗಾಗುತ್ತದೆ. ಅದರ ಮೇಲೆ ಕಪ್ಪು ಹಚ್ಚಿದರೆ ಸಾಕು.

ಇನ್ನು ಎರಡನೇ ತಪ್ಪು. ನನ್ನ ಪ್ರಕಾರ ಇದೇ ದೊಡ್ಡದು. ನಿಮ್ಮ ನಾಲ್ಕು ವೈರುಗಳು ಪ್ಲಗ್‌ನಿಂದ ಹೊರಟು ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಹತ್ತಿರ ಬಂದು ಒಂದೇ ಅಂಟಿನ ಹನಿಯಲ್ಲಿ ಮುಳುಗಿಹೋಗಿವೆ. ಗ್ಯಾರೇಜಿನಲ್ಲಿ ಹೊಸ ಹುಡುಗರಿಗೆ ನಾನು ಮೊದಲ ದಿನ ಹೇಳುತ್ತಿದ್ದ ಮಾತು ಒಂದೇ: ಪ್ರತಿ ವೈರ್‌ಗೂ ಎರಡು ತುದಿ ಇರುತ್ತದೆ, ಎರಡನ್ನೂ ತೋರಿಸು, ಆಮೇಲೆ ಸ್ಪ್ಯಾನರ್ ಮುಟ್ಟು. ಬೆರಳುದ್ದದ ಎಂಜಿನ್‌ಗೂ ಅದೇ ಮಾತು.

ಅಂಬಾಸಿಡರನ್ನೇ ತೆಗೆದುಕೊಳ್ಳಿ. ನಾನು ಹೇಳುತ್ತಿರುವುದು ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್, ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಡ್ರೈವರ್ ಸೀಟಿನಲ್ಲಿ ಕೂತು ನೋಡಿದರೆ ಪ್ಲಗ್ಗುಗಳೂ ಡಿಸ್ಟ್ರಿಬ್ಯೂಟರೂ ಬಲಗಡೆ. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ), ಮ್ಯಾನಿಫೋಲ್ಡ್ (ಆ ಮಿಶ್ರಣ ಒಳಗೆ, ಹೊಗೆ ಹೊರಗೆ ಸಾಗುವ ಕೊಳವೆಗಳು) ಎಲ್ಲ ಎಡಗಡೆ. ರೇಡಿಯೇಟರ್ ಕಡೆಯದು ಒಂದನೇ ಸಿಲಿಂಡರ್. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಸರದಿ, 1-3-4-2. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಹಾಗಾಗಿ ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ, ಆ ದಿಕ್ಕಿಗೆ ಹೋಗುವಾಗ ಒಂದನೇ ವೈರಿನ ಮುಂದಿನ ತೂತಿಗೆ ಎರಡನೆಯದನ್ನು ಹಾಕಬೇಡಿ. ವಿರುದ್ಧ ದಿಕ್ಕಿನಲ್ಲಿ 1, 3, 4, 2 ಎಂದು ಹಾಕುತ್ತಾ ಹೋಗಿ. ಆಗ ವೈರುಗಳು ತಾವಾಗಿಯೇ ಒಂದರ ಮೇಲೊಂದು ದಾಟುತ್ತವೆ. ಆ ದಾಟುವಿಕೆಯೇ ನಿಜವಾದ ಎಂಜಿನ್ನಿನ ಲಕ್ಷಣ. ಸುಮ್ನೆ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ಇಟ್ಟರೆ ಅದು ಬರುವುದಿಲ್ಲ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಮಾಡಲು ಕಿಟ್‌ನ ಪ್ಲಾಸ್ಟಿಕ್ ಕಡ್ಡಿ ಸಾಕು, ಭಾಗಗಳನ್ನು ಹಿಡಿದಿಟ್ಟಿರುತ್ತದಲ್ಲ, ಅದೇ. 3 ಮಿ.ಮೀ. ದಪ್ಪದ್ದು ಆರಿಸಿ. ತುದಿಯನ್ನು ಎಮರಿ ಪೇಪರ್ ಮೇಲೆ ಸಮ ಮಾಡಿ, ನಡುವೆ ಒಂದು, ಸುತ್ತ ನಾಲ್ಕು ಗುರುತು ಸೂಜಿಯಿಂದ ಚುಚ್ಚಿ. ಆಮೇಲೆ 0.35 ಮಿ.ಮೀ. ಡ್ರಿಲ್ ಬಿಟ್ ಪಿನ್ ವೈಸ್‌ಗೆ (ತೆಳು ಬಿಟ್ ಕಚ್ಚಿ ಹಿಡಿಯುವ ಪುಟ್ಟ ಹಿಡಿ) ಹಾಕಿ ಕೈಯಿಂದಲೇ ತಿರುಗಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯುವ ತೆಳು ಬಿಟ್‌ಗಳು ಸಿಗುತ್ತವೆ. ಆದರೆ ಕಾರ್ಬೈಡ್ ಬಿಟ್ ಸ್ವಲ್ಪ ಓರೆಯಾದರೂ ಟಕ್ ಎಂದು ಮುರಿಯುತ್ತದೆ. ಕೈ ಪಳಗುವ ತನಕ ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಬಿಟ್ ಒಳ್ಳೆಯದು. ಮೋಟರ್ ಡ್ರಿಲ್ ಬೇಡವೇ ಬೇಡ, ಬಿಸಿಗೆ ಪ್ಲಾಸ್ಟಿಕ್ ಕರಗಿ ತೂತು ಮುಚ್ಚಿಕೊಳ್ಳುತ್ತದೆ. ನಡುವಿನ ತೂತಿನ ವೈರ್ ಇಗ್ನಿಷನ್ ಕಾಯಿಲ್‌ಗೆ ಹೋಗಬೇಕು. ಬಹಳ ಜನ ಮರೆಯುವುದು ಇದನ್ನೇ. ಕಾಯಿಲ್ ಇಲ್ಲದೆ ಕಿಡಿ ಎಲ್ಲಿಂದ ಬರಬೇಕು, ಅಲ್ವಾ?

ಒಂದು ಲ್ಯಾನ್ ಕೇಬಲ್ ಚೂರೂ ಇಟ್ಟುಕೊಳ್ಳಿ. ಒಳಗಿನ ಒಂದು ಎಳೆಯ ತಾಮ್ರ ಅರ್ಧ ಮಿ.ಮೀ., ಅಂದರೆ ನಿಜದಲ್ಲಿ 12 ಮಿ.ಮೀ. ಬ್ಯಾಟರಿ ಕೇಬಲ್‌ಗೆ ಸರಿಯಾಗಿ ಹೊಂದುತ್ತದೆ. ರೇಡಿಯೇಟರ್ ಹೋಸ್‌ಗೆ 16 ಗೇಜ್ ಸೋಲ್ಡರ್ ವೈರ್ ಬಳಸಿ. ಬಗ್ಗಿಸಿದ ಕಡೆ ಚಪ್ಪಟೆಯಾಗದೆ ನಿಲ್ಲುತ್ತದೆ. ಮೇಲೆ ಎರಡು ಕೋಟ್ ಮಂದ ಕಪ್ಪು. ಸೋಲ್ಡರ್‌ನಲ್ಲಿ ಸೀಸ ಇರುತ್ತದೆ, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಹೋಸ್ ಕ್ಲಿಪ್‌ಗೆ ಅಲ್ಯೂಮಿನಿಯಂ ಟೇಪನ್ನು ಅರ್ಧ ಮಿ.ಮೀ. ಅಗಲಕ್ಕೆ ಸೀಳಿ ಸುತ್ತಿ.

ಫ್ಯಾನ್ ಬೆಲ್ಟ್ ಮಾತ್ರ ಬಿಗಿಯಾಗಿರಲಿ. ಕ್ರ್ಯಾಂಕ್ ಪುಲ್ಲಿ, ವಾಟರ್ ಪಂಪ್, ಡೈನಮೊ, ಮೂರರ ನಡುವೆ ನೇರ ಗೆರೆ ಕಾಣಬೇಕು. ಜೋತುಬಿದ್ದ ಬೆಲ್ಟ್ ನೋಡಿದರೆ ನನ್ನ ಕೈ ಈಗಲೂ ಸ್ಪ್ಯಾನರ್ ಹುಡುಕುತ್ತದೆ.

ಪ್ರಶ್ನೆ: ಎಲ್ಲ ಭಾಗ ಹಾಕಿ ಸಿಲ್ವರ್ ಪೇಂಟ್ ಹೊಡೆದಿದ್ದೇನೆ. ಕೊಳೆ ಕಾಣಲಿ ಎಂದು ನಮ್ಮ ತೋಟದ ಕೆಂಪು ಮಣ್ಣನ್ನೇ ಜರಡಿ ಹಿಡಿದು ಉದುರಿಸಿದೆ. ನಿಜವಾದ ಮಣ್ಣಾದರೂ ನಿಜ ಅನ್ನಿಸುತ್ತಿಲ್ಲ. (ಗೃಹಿಣಿ, ಸಕಲೇಶಪುರ)

ನಿಮ್ಮ ಯೋಚನೆ ನನಗೆ ಬಹಳ ಹಿಡಿಸಿತು. ಆದರೆ ಇಲ್ಲೂ ಅದೇ 24ರ ಲೆಕ್ಕ. ಮಣ್ಣಿನ ಕಣ 0.1 ಮಿ.ಮೀ. ಇದ್ದರೂ ನಿಜದ ಅಳತೆಗೆ 2.4 ಮಿ.ಮೀ. ಆಗುತ್ತದೆ. ಎಂಜಿನ್ ಮೇಲೆ ಜಲ್ಲಿ ಸುರಿದ ಹಾಗೆ. ಮಣ್ಣು ಬಿಟ್ಟುಬಿಡಿ. ಚಿತ್ರ ಬಿಡಿಸುವ ಸಾಫ್ಟ್ ಪೇಸ್ಟಲ್ ಕಡ್ಡಿಯನ್ನು ಎಮರಿ ಪೇಪರ್ ಮೇಲೆ ಉಜ್ಜಿ. ಆ ಪುಡಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಒಣ ಬ್ರಷ್‌ನಲ್ಲಿ ಹಚ್ಚಿ.

ಸಿಲ್ವರ್ ಒಂದೇ ಬಣ್ಣ ಹೊಡೆದದ್ದೂ ತೊಂದರೆಯೇ. ಎಂಜಿನ್ ಒಂದೇ ಲೋಹದ್ದಲ್ಲ. ಬ್ಲಾಕ್ ಬೀಡು ಕಬ್ಬಿಣ, ಅದಕ್ಕೆ ಕಂಪನಿಯ ಬಣ್ಣ ಹೊಡೆದಿರುತ್ತಾರೆ. ಕಾರ್ಬೊರೇಟರ್ ಮಂದ ಬೂದು. ಬೋಲ್ಟ್ ತಲೆಗಳು ಸ್ಪ್ಯಾನರ್ ತಾಗಿ ತಾಗಿ ಹೊಳೆಯುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಸಿಗೆ ಬಣ್ಣ ಸುಟ್ಟುಹೋಗಿ ತುಕ್ಕಿನ ಕಂದು. ಬೀಡಿನ ಅಂಚಿಗೆ 6ಬಿ ಪೆನ್ಸಿಲ್ ಪುಡಿ ಬೆರಳಲ್ಲಿ ಉಜ್ಜಿ ನೋಡಿ, ಲೋಹದ ಕಳೆ ತಾನಾಗಿ ಬರುತ್ತದೆ.

ಕೊಳೆ ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ. ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಕೆಳಗಿನ ಗ್ಯಾಸ್ಕೆಟ್ ಹಳೆಯದಾದರೆ ಅಂಚಿನಿಂದ ಆಯಿಲ್ ಜಿನುಗಿ ಬ್ಲಾಕ್ ಮೇಲೆ ಕೆಳಕ್ಕೆ ಇಳಿಯುತ್ತದೆ. ಆಯಿಲ್ ಇದ್ದ ಕಡೆ ದೂಳು ಅಂಟಿ ಕಪ್ಪು ಗಟ್ಟಿಯಾಗುತ್ತದೆ. ಆದ್ದರಿಂದ ಕಂದುಗಪ್ಪು ಆಯಿಲ್ ಪೇಂಟನ್ನು ಟರ್ಪೆಂಟೈನ್‌ನಲ್ಲಿ ನೀರುನೀರಾಗಿ ಕಲಸಿ, ಕವರಿನ ಅಂಚಿಗೆ ಒಂದು ಹನಿ ಮುಟ್ಟಿಸಿ ಬಿಡಿ. ಅದು ತಾನೇ ದಾರಿ ಹುಡುಕಿಕೊಂಡು ಇಳಿಯಲಿ. ಎಂಜಿನ್ ನೆಟ್ಟಗೆ ನಿಂತಿರಬೇಕು, ಮಲಗಿಸಿ ಮಾಡಿದರೆ ಸೋರಿಕೆ ಪಕ್ಕಕ್ಕೆ ಹರಿಯುತ್ತದೆ. ಬ್ಯಾಟರಿಯ ಒಂದು ಟರ್ಮಿನಲ್‌ಗೆ ಮಾತ್ರ ಸೂಜಿ ತುದಿಯಷ್ಟು ಬಿಳಿ-ಹಸಿರು ಪುಡಿ. ಗ್ಯಾರೇಜಿನವರು ಮೊದಲು ನೋಡುವುದು ಅದನ್ನೇ.

ಪ್ರಶ್ನೆ: ಸೂಪರ್ ಗ್ಲೂ ಹಾಕಿದ ಕಡೆ ಸುತ್ತಲೂ ಬಿಳಿ ಮಂಜು ಹಿಡಿದಂತೆ ಆಗುತ್ತದೆ. (ಶಿರಸಿ)

ಅಂಟು ಒಣಗುವಾಗ ಏಳುವ ಆವಿ ಅದು. ಹತ್ತಿರದ ಮೇಲ್ಮೈ ಮೇಲೆ ಕೂತು ಬೆಳ್ಳಗಾಗುತ್ತದೆ. ನನ್ನ ಮೊದಲ ಮಾದರಿಯಲ್ಲಿ ವೈಪರ್ ಅಂಟಿಸಲು ಹೋಗಿ ಮುಂದಿನ ಗಾಜೇ ಹಾಳಾಯಿತು, ಎರಡು ತಿಂಗಳ ಕೆಲಸ. ಅವತ್ತು ರಾತ್ರಿ ಊಟ ಸೇರಲಿಲ್ಲ. ಗಾಜಿನ ಹತ್ತಿರ ಫೆವಿಕಾಲ್ ಮಾತ್ರ ಬಳಸಿ. ಲೋಹದ ತಂತಿಗೆ ಸೂಪರ್ ಗ್ಲೂ ಬೇಕೇ ಬೇಕು ಎಂದರೆ ಸೂಜಿ ತುದಿಯಲ್ಲಿ ತೆಗೆದು ಮುಟ್ಟಿಸಿ. ಕಿಟಕಿ ತೆರೆದಿರಲಿ. ಒಣಗುವ ತನಕ ಮಾದರಿಯನ್ನು ಡಬ್ಬದಲ್ಲಿ ಮುಚ್ಚಿಡಬೇಡಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಕಿಟ್ ತಗೊಳ್ಳೋಕೆ ದುಡ್ಡಿಲ್ಲ. ಎಂಜಿನ್ ಮಾಡಬಹುದಾ ಸರ್? (ಮಧುಗಿರಿ)

ಮಾಡಬಹುದು ಮಗು, ಖಂಡಿತ. ಕಿಟ್ ಇಲ್ಲದಿದ್ದರೆ ಒಂದು ಲಾಭ, ಎಂಜಿನ್ನನ್ನು ನೀನೇ ಅಳೆಯಬೇಕಾಗುತ್ತದೆ. ನಿಮ್ಮ ಊರಿನ ಗ್ಯಾರೇಜಿಗೆ ಹೋಗು. ಮೆಕ್ಯಾನಿಕ್ ಅಣ್ಣನ ಹತ್ತಿರ ಕೇಳಿಕೊಂಡು, ಎಂಜಿನ್ ತಣ್ಣಗಿರುವಾಗ ಟೇಪ್ ಹಿಡಿದು ಉದ್ದ, ಅಗಲ, ಎತ್ತರ ಬರೆದುಕೊ. ಎಲ್ಲವನ್ನೂ 24ರಿಂದ ಭಾಗಿಸು. ನೋಟ್‌ಬುಕ್ಕಿನ ರಟ್ಟು ಅಂಟಿಸಿ ಬ್ಲಾಕ್ ಮಾಡು. ಬಾಲ್ ಪೆನ್ನಿನ ಸ್ಪ್ರಿಂಗ್ ಸುಮಾರು 4 ಮಿ.ಮೀ. ದಪ್ಪ ಇರುತ್ತದೆ, ಮುಂದಿನ ಚಕ್ರದ ಸಸ್ಪೆನ್ಷನ್‌ಗೆ ಬರುತ್ತದೆ. ಖಾಲಿ ರೀಫಿಲ್ ತೊಳೆದರೆ ಪೈಪ್. ಮಾತ್ರೆ ಶೀಟಿನ ಹಿಂದಿನ ಬೆಳ್ಳಿ ಹಾಳೆ ಕ್ಲಿಪ್‌ಗೆ. ಸೂಜಿಯ ಹಿಂಭಾಗವನ್ನು ಬಾಟಲಿ ಕಾರ್ಕ್‌ಗೆ ಚುಚ್ಚಿ ಹಿಡಿ ಮಾಡಿಕೊಂಡರೆ ತೂತು ಹಾಕುವ ಸಾಧನ. ಬ್ಲೇಡ್ ಹಿಡಿಯುವಾಗ ದೊಡ್ಡವರು ಪಕ್ಕದಲ್ಲಿರಲಿ. ನಿನಗೆ 31 ನಂಬರ್ ತಂತಿ ಒಂದು ಸುತ್ತು ಅಂಚೆಯಲ್ಲಿ ಕಳಿಸಿದ್ದೇನೆ.

ಪ್ರಶ್ನೆ: ನಮ್ಮ ತಂದೆ ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ಓಡಿಸುತ್ತಿದ್ದರು. ಈಗ ಅವರಿಗೆ 74. ಅವರ ಗಾಡಿಯ ಮಾದರಿ ಮಾಡಿ ಕೊಡಬೇಕೆಂದಿದ್ದೇನೆ. ಹೊರಗಿನ ಕಪ್ಪು-ಹಳದಿ ಬಣ್ಣ ಆಗಿದೆ. ಎಂಜಿನ್‌ನಲ್ಲಿ ಏನೇನು ಇರಬೇಕು? (ಡೊಂಬಿವಲಿ)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ ತಾಯಿ. ಮುಂಬೈಯಲ್ಲಿ ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿಗೆ 2023ರ ಅಕ್ಟೋಬರಿನಲ್ಲಿ 20 ವರ್ಷ ತುಂಬಿ, ಅದೂ ರಸ್ತೆಯಿಂದ ಇಳಿಯಿತು. ಇನ್ನು ನಿಮ್ಮ ತಂದೆಯವರ ನೆನಪೇ ನಿಮಗೆ ವರ್ಕ್‌ಶಾಪ್ ಮ್ಯಾನ್ಯುಯಲ್.

ಎಂಜಿನ್ 1089 ಸಿ.ಸಿ., ನಾಲ್ಕು ಸಿಲಿಂಡರ್, ಸಾಲಾಗಿ. ಮೂಲ ಫಿಯಟ್ 1100ರದು. ಇದರ ಫೈರಿಂಗ್ ಆರ್ಡರ್ ಕೂಡ 1-3-4-2. ಅವರ ಗಾಡಿಗೆ ಸಿ.ಎನ್.ಜಿ. ಹಾಕಿಸಿದ್ದರಾ ಎಂದು ಮೊದಲು ಕೇಳಿ. ಹಾಕಿಸಿದ್ದರೆ ಬಾನೆಟ್ ಒಳಗೆ ಗ್ಯಾಸ್ ರೆಗ್ಯುಲೇಟರ್, ಹಿಂದಿನ ಡಿಕ್ಕಿಯ ಸಿಲಿಂಡರಿನಿಂದ ಅಲ್ಲಿಗೆ ಬರುವ ತೆಳು ಸ್ಟೀಲ್ ಪೈಪ್, ಎರಡೂ ಬೇಕು. ಹಾಕಿಸಿರದಿದ್ದರೆ ಅವು ಇರಕೂಡದು.

ಆಮೇಲೆ ಇನ್ನೊಂದು ಕೇಳಿ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಬಿಸಿಗೆ ಪೆಟ್ರೋಲು ಎಂಜಿನ್ನಿನ ಫ್ಯೂಯೆಲ್ ಪಂಪಿನೊಳಗೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಆಗ ಡ್ರೈವರುಗಳು ಬಟ್ಟೆ ನೆನೆಸಿ ಫ್ಯೂಯೆಲ್ ಪಂಪಿಗೆ ಸುತ್ತುತ್ತಿದ್ದರು. ನನ್ನ ಗ್ಯಾರೇಜಿಗೆ ಬಂದ ಎಷ್ಟೋ ಪದ್ಮಿನಿಗಳ ಪಂಪಿನ ಮೇಲೆ ಆ ಬಟ್ಟೆ ಒಣಗಿ ಅಂಟಿಕೊಂಡೇ ಇರುತ್ತಿತ್ತು. ನಿಮ್ಮ ತಂದೆಯೂ ಸುತ್ತಿರಬಹುದು. ಯಾವ ಬಟ್ಟೆ, ಯಾವ ಬಣ್ಣ, ಗಂಟು ಹಾಕುತ್ತಿದ್ದರಾ ಅಥವಾ ಸುಮ್ನೆ ಸಿಕ್ಕಿಸುತ್ತಿದ್ದರಾ, ಕೇಳಿ ಬರೆದುಕೊಳ್ಳಿ. ಟಿಶ್ಯೂ ಪೇಪರಿನ ಒಂದು ಪದರ ಬಿಡಿಸಿ, 10 ಮಿ.ಮೀ. ಚೌಕ ಕತ್ತರಿಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿ. ಮಡಿಕೆಗಳನ್ನು ಸೂಜಿಯಿಂದ ಮಾಡಿ. ಒಣಗಿದ ಮೇಲೆ ಬಣ್ಣ. ಬಟ್ಟೆಯ ಕೆಳ ಅಂಚಿಗೆ ಮಾತ್ರ ಒಂದಿಷ್ಟು ಹೊಳಪು ವಾರ್ನಿಷ್ ಹಚ್ಚಿದರೆ ನೀರು ಇನ್ನೂ ತೊಟ್ಟಿಕ್ಕುತ್ತಿರುವ ಹಾಗೆ ಕಾಣುತ್ತದೆ.

ಬಾನೆಟ್ ಅಂಟಿಸಬೇಡಿ. ಅವರೇ ಎತ್ತಿ ನೋಡಲಿ.