ಸರದಿ ಬಂದಾಗ ನಾಲಿಗೆ ಒಣಗಿದರೆ

ಪ್ರಶ್ನೆ: ಅತ್ತೆಮನೆಯಲ್ಲಿ ಪ್ರತಿ ಶುಕ್ರವಾರ ರಾತ್ರಿ ಪ್ರಾರ್ಥನೆ ಕೂಟ. ಕೂತವರೆಲ್ಲ ಸರದಿಯಂತೆ ಬಾಯಿಬಿಟ್ಟು ಪ್ರಾರ್ಥಿಸಬೇಕು. ಅತ್ತೆ ಕಾಲು ಗಂಟೆ ತಡೆಯಿಲ್ಲದೆ ಮಾಡುತ್ತಾರೆ. ನಾಲ್ಕು ತಿಂಗಳ ಹಿಂದೆ, ಮೂರನೇ ತಿಂಗಳಲ್ಲೇ ನನಗೆ ಗರ್ಭ ಇಳಿಯಿತು. ಅಂದಿನಿಂದ ‘ಸ್ತೋತ್ರ ತಂದೆಯೇ’ ಅನ್ನಲು ಹೋದರೆ ಸುಳ್ಳಾಡಿದಂತೆ ಅನಿಸುತ್ತದೆ. ‘ನಂಬಿಕೆ ಕಡಿಮೆ, ಅದಕ್ಕೇ ಹೀಗಾಯಿತು’ ಎಂದರು ಒಬ್ಬರು. ಏನು ಮಾಡಲಿ?
(ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ಆ ಕೊನೆಯ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. ಮೊದಲ ಮೂರು ತಿಂಗಳಲ್ಲಿ ಗರ್ಭ ಇಳಿಯಲು ಬಹಳ ಸಲ ಕಾರಣ ಭ್ರೂಣದ ವರ್ಣತಂತುಗಳ ದೋಷ, ತಾಯಿಯ ನಂಬಿಕೆಯ ತೂಕವಲ್ಲ.

ಬೈಬಲಿನ 1 ಸಮುವೇಲ 1ರಲ್ಲಿ, ಮಕ್ಕಳಿಲ್ಲದ ಹನ್ನ ಮಗುವಿಗಾಗಿ ಪ್ರಾರ್ಥಿಸುವಾಗ ಅವಳ ತುಟಿ ಅಲ್ಲಾಡುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆಂದೇ ತಿಳಿದ. ತಪ್ಪು ಅವನದಾಗಿತ್ತು. (ಹನ್ನಳಿಗೆ ಮಗ ಹುಟ್ಟಿದನಲ್ಲ, ನಿನಗೂ ಆಗುತ್ತದೆ ಎಂದು ಯಾರಾದರೂ ಅಂದಾರು. ಅಂಥ ಖಾತರಿ ಆ ಅಧ್ಯಾಯದಲ್ಲಿಲ್ಲ.)

ದೇವರ ಮೇಲಿನ ಸಿಟ್ಟನ್ನು ದೇವರಿಗೇ ಹೇಳಬಹುದೇ? 13ನೇ ಕೀರ್ತನೆ ತೆರೆಯಿರಿ. ಇರುವುದು ಆರೇ ವಚನ. ಮೊದಲ ಎರಡರಲ್ಲೇ ‘ಎಷ್ಟರವರೆಗೆ’ ಎಂಬ ದೂರು ನಾಲ್ಕು ಸಲ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತೋತ್ರ ಅಂಟಿಸುವ ಗೋಜಿಗೆ ಹೋಗಿಲ್ಲ.

ಒಬ್ಬರೇ ಇರುವಾಗ ಐದು ನಿಮಿಷ ಸಾಕು. ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸು ಎನ್ನುವ ಮತ್ತಾಯ 6:6ರ ‘ಕೋಣೆ’ಗೆ ಗ್ರೀಕ್ ಮೂಲದಲ್ಲಿರುವ ಪದ ಉಗ್ರಾಣಕ್ಕೂ ಸಲ್ಲುತ್ತದೆ, ಅಕ್ಕಿ ಡಬ್ಬಿಗಳ ನಡುವೆ ಕೂತರೂ ನಡೆದೀತು. ಬಾಗಿಲು ಮುಚ್ಚಿ, ‘ತಂದೆಯೇ’ ಎಂದು ಒಮ್ಮೆ ಕರೆಯಿರಿ. ಆದದ್ದನ್ನು ಆದಂತೆ ಒಂದು ವಾಕ್ಯದಲ್ಲಿ ಹೇಳಿ: ‘ಮಗು ಹೋಯ್ತು, ನಿನ್ನ ಮ್ಯಾಲ ಸಿಟ್ಟೈತಿ.’ ಬೇಕಾದ್ದು ಒಂದೇ ಕೇಳಿ: ‘ಇವತ್ತ ರಾತ್ರಿ ನಿದ್ದಿ ಕೊಡು.’ ಮಿಕ್ಕ ಹೊತ್ತು ಸುಮ್ಮನಿರಿ. ಎಡವುವುದು ಇಲ್ಲೇ: ಎರಡನೇ ವಾಕ್ಯಕ್ಕೇ ಕೂಟದ ಭಾಷೆ ನುಗ್ಗುತ್ತದೆ, ‘ಸರ್ವಶಕ್ತನೇ, ಪರಿಶುದ್ಧನೇ, ನಿನ್ನ ಸನ್ನಿಧಾನದಲ್ಲಿ...’ ಅಷ್ಟರಲ್ಲಿ ಮಗುವಿನ ಮಾತು ಮರೆಯಾಗಿರುತ್ತದೆ. ಆಗ ನಿಲ್ಲಿಸಿ, ಮೊದಲ ವಾಕ್ಯಕ್ಕೆ ಹಿಂದಿರುಗಿ. ಏನೂ ತೋಚದ ದಿನ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿ, ಅರ್ಧ ನಿಮಿಷದ ಕೆಲಸ. ಅದರಲ್ಲಿ ಅನುದಿನದ ಆಹಾರ ಕೇಳುವ ಸಾಲಿನ ಹತ್ತಿರ ಗಂಟಲು ಕಟ್ಟಿದರೆ ಅಲ್ಲೇ ಬಿಟ್ಟುಬಿಡಿ.

ಶುಕ್ರವಾರ ಎರಡು ವಾಕ್ಯ ಹೇಳಿ ಆಮೆನ್ ಅನ್ನಿ. ಲೂಕ 18:13ರಲ್ಲಿ, ಯೇಸು ಹೇಳಿದ ಕಥೆಯ ಸುಂಕದವನ (ತೆರಿಗೆ ವಸೂಲಿಗಾರನ) ಪ್ರಾರ್ಥನೆ ಗ್ರೀಕ್‌ನಲ್ಲಿ ಆರೇ ಪದ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ. ಅಷ್ಟೂ ಬಾರದಿದ್ದರೆ ಪಕ್ಕದವರ ಕೈ ಮುಟ್ಟಿ ಸರದಿ ದಾಟಿಸಿ. ಪ್ರಾಮಾಣಿಕತೆ ಎಂದು ನಿಮ್ಮ ಸಿಟ್ಟನ್ನೆಲ್ಲ ಅಲ್ಲಿ ಬಿಚ್ಚಬೇಕಿಲ್ಲ. ಮುಂದಿನ ವಾರದೊಳಗೆ ಅದು, ಇವಳಿಗಾಗಿ ಪ್ರಾರ್ಥಿಸಿ ಎಂಬ ‘ಪ್ರಾರ್ಥನಾ ವಿಷಯ’ದ ಹೆಸರಿನಲ್ಲಿ ಊರು ಸುತ್ತಿ ಬಂದಿರುತ್ತದೆ.

ನಿದ್ದೆ, ಊಟ ಇನ್ನೂ ಹಳಿಗೆ ಬಂದಿಲ್ಲವಾದರೆ ಡಾಕ್ಟರನ್ನು ಕಾಣಿ. ಪ್ರಾರ್ಥನೆಗೂ ಅದಕ್ಕೂ ಜಗಳವಿಲ್ಲ. ಅತ್ತೆಗೆ ಗುರುವಾರವೇ, ರೊಟ್ಟಿ ಬಡಿಯುವ ಹೊತ್ತಿಗೆ, ಹೇಳಿಡಿ: ‘ನಾಳೆ ನನ್ನ ಸರದಿ ಬಂದ್ರ ಮುಂದ ಹೋಗ್ರಿ. ನಾ ಒಳಗ ಮಾಡ್ಕೋತೀನಿ.’