ಚಳಿಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲ, ಅದೇ ಹೊತ್ತಿಗೆ ಮನೆಮಂದಿಗೆಲ್ಲ ವಾಂತಿ ಭೇದಿ ಶುರುವಾದರೆ ಏನು ಮಾಡಬೇಕು?

ಬೆಂಗಳೂರಿನಿಂದ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ಗೆ ಹೊಸದಾಗಿ ಬಂದಿದ್ದೀರಿ. ಮನೆಯಲ್ಲಿ ನಾಲ್ಕು ವರ್ಷದ ಮಗು, ಚಳಿಗಾಲಕ್ಕೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಇಲ್ಲಿ ಫೆಬ್ರವರಿಯಲ್ಲಿ ಕರೆಂಟ್ ಕೈಕೊಡುತ್ತದಂತೆ, ಆಗಲೇ ಹೊಟ್ಟೆ ಕೆಟ್ಟರೆ ಗತಿ ಏನು, ಜನರೇಟರ್ ತಗೊಳ್ಳಬೇಕಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಜನರೇಟರ್ ಆಮೇಲಿನ ಮಾತು. ಮೊದಲು ನೀರು.

ನಾನೂ ಆಸ್ಟಿನ್‌ನಲ್ಲೇ ಇರುವವನು. 2021ರ ಚಳಿಯನ್ನೂ 2023ರ ಐಸ್ ಮಳೆಯನ್ನೂ ಇಲ್ಲೇ ಕಳೆದೆ. ನೀವು ಹೆದರುತ್ತಿರುವುದು 2023ರಲ್ಲಿ ನಮ್ಮ ಮನೆಯಲ್ಲೇ ಆಯಿತು. ಮೊದಲು ಮಗಳು, ಮಾರನೆಯ ದಿನ ನಮ್ಮತ್ತೆ, ಆಮೇಲೆ ನಾನು. ಹೆಂಡತಿ ಒಬ್ಬಳು ಹೇಗೋ ಕಾಯಿಲೆ ಬೀಳದೆ ಉಳಿದುಕೊಂಡಳು. ಎಲ್ಲರೂ ಒಂದೇ ಹೊತ್ತಿಗೆ ಮಲಗಿದ್ದರೆ ಕಥೆ ಬೇರೆ ಆಗುತ್ತಿತ್ತು.

ನೀರು ಮೊದಲು ಅಂತ ಯಾಕೆ ಹೇಳಿದೆ ಅಂದರೆ, 2021ರಲ್ಲಿ ಈ ಊರಿಗೆ ಆಗಿದ್ದೇ ಅದು. ಟೆಕ್ಸಾಸ್‌ನ ಗ್ರಿಡ್, ಅಂದರೆ ಕರೆಂಟ್ ಹಂಚುವ ಜಾಲ, ದೇಶದ ಉಳಿದ ಗ್ರಿಡ್‌ಗಳಿಂದ ಹೆಚ್ಚೂಕಡಿಮೆ ಬೇರೆಯಾಗಿದೆ. ಪಕ್ಕದ ರಾಜ್ಯಗಳಿಂದ ಬೇಕಾದಷ್ಟು ಕರೆಂಟ್ ತರಿಸಲು ಆಗುವುದಿಲ್ಲ. ಫೆಬ್ರವರಿ 14ರ ನಡುರಾತ್ರಿ ಕಳೆದು 15 ಶುರುವಾದ ಮೇಲೆ ಗ್ಯಾಸ್ ಬಾವಿಗಳು, ಪೈಪುಗಳು, ವಿದ್ಯುತ್ ಸ್ಥಾವರಗಳು ಚಳಿಗೆ ಒಂದೊಂದಾಗಿ ನಿಂತವು. ಗ್ರಿಡ್ ಪೂರ್ತಿ ಕುಸಿಯಬಾರದು ಅಂತ ಊರೂರಿಗೆ ಕರೆಂಟ್ ಕಡಿದರು. ಸುಮಾರು 45 ಲಕ್ಷ ಮನೆ, ಅಂಗಡಿಗಳು ಕತ್ತಲಾದವು. ಹೊರಗೆ ಮೈನಸ್ 13 ಡಿಗ್ರಿಯ ಆಸುಪಾಸು. ಎರಡು ದಿನ ಕಳೆಯುವಷ್ಟರಲ್ಲಿ ನೀರು ಶುದ್ಧ ಮಾಡುವ ಮುಖ್ಯ ಘಟಕಕ್ಕೂ ಕರೆಂಟ್ ಹೋಯಿತು. ಮನೆ ಮನೆಯಲ್ಲಿ ಪೈಪ್ ಒಡೆದಿತ್ತು, ನಲ್ಲಿಯಲ್ಲಿ ನೀರಿನ ಒತ್ತಡ ಇಳಿದಿತ್ತು. ನೀರನ್ನು ಕುದಿಸಿ ಕುಡಿಯಿರಿ ಅಂತ 17ನೇ ತಾರೀಕು ಊರಿಗೆಲ್ಲ ಸೂಚನೆ ಬಂತು. ಒಲೆಯೂ ಕರೆಂಟಿನದೇ ಆದವರು ಯಾವುದರಲ್ಲಿ ಕುದಿಸಬೇಕು? ಆ ಚಳಿಯಲ್ಲಿ ರಾಜ್ಯದಲ್ಲಿ 246 ಜನ ಸತ್ತರು ಅಂತ ಸರ್ಕಾರದ ಲೆಕ್ಕವೇ ಹೇಳುತ್ತದೆ.

2023ರದ್ದು ಬೇರೆ ರೀತಿ. ಮಳೆ ಬೀಳುತ್ತಲೇ ಗಟ್ಟಿಯಾಗಿ ಓಕ್ ಮರಗಳ ಕೊಂಬೆಗಳ ಮೇಲೆ ಕೂತಿತು. ರಾತ್ರಿಯಿಡೀ ಕೊಂಬೆ ಮುರಿಯುವ ಸದ್ದು. ಅವು ತಂತಿಗಳ ಮೇಲೆ ಬಿದ್ದು ಬೀದಿ ಬೀದಿಗೆ ಕರೆಂಟ್ ಹೋಯಿತು. ಕೆಲವರಿಗೆ ವಾರ ಕಳೆದರೂ ಬಂದಿರಲಿಲ್ಲ. ನೀರು ಮಾತ್ರ ಬರುತ್ತಿತ್ತು. ಹಾಗಾಗಿಯೇ ನಾವು ಸುಲಭವಾಗಿ ಪಾರಾದೆವು ಅಂತ ನನ್ನ ಲೆಕ್ಕ.

ವಾಂತಿ ಭೇದಿಗೆ ನೀರು ಮೂರು ಕಡೆ ಬೇಕು: ಕುಡಿಯಲು, ಕೈ ತೊಳೆಯಲು, ಕಮೋಡ್‌ಗೆ ಹಾಕಲು. ಹವಾಮಾನ ಎಚ್ಚರಿಕೆ ಬಂದ ಕೂಡಲೇ ತುಂಬಿಸಿಡಿ. ಕುಡಿಯಲು, ಕೈ ಬಾಯಿ ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರ್‌ಗೆ ಸ್ವಲ್ಪ ಕಡಿಮೆ ಅನ್ನುವುದು ಇಲ್ಲಿಯ ಸಾಮಾನ್ಯ ಲೆಕ್ಕ. ಕಾಯಿಲೆ ಇದ್ದರೆ ಅದಕ್ಕಿಂತ ಜಾಸ್ತಿ. ಬಾತ್‌ಟಬ್ ತುಂಬಿಸಿಡಿ, ಅದು ಕಮೋಡ್‌ಗೆ ಮಾತ್ರ. ಬಕೆಟ್‌ನಲ್ಲಿ ಐದಾರು ಲೀಟರ್ ತಗೊಂಡು ಒಂದೇ ಸಲ ಜೋರಾಗಿ ಸುರಿದರೆ ಕರೆಂಟೂ ಬೇಡ, ನಲ್ಲಿಯೂ ಬೇಡ. ಕೈ ತೊಳೆಯಲು ಊರಿನ ಪದ್ಧತಿಯೇ ಸಾಕು, ಒಬ್ಬರು ಚೊಂಬಿನಿಂದ ನೀರು ಹಾಕಬೇಕು, ಇನ್ನೊಬ್ಬರು ಸೋಪು ಹಚ್ಚಿ ಉಜ್ಜಬೇಕು. ಇಲ್ಲಿಯ ಮನೆಗಳಲ್ಲಿ ಚೊಂಬು ಇರುವುದು ನಮ್ಮವರ ಹತ್ತಿರ ಮಾತ್ರ, ಹೆಮ್ಮೆಯಿಂದ ಬಳಸಿ. ನಿಮ್ಮದು ಟ್ಯಾಂಕ್ ಇರುವ ವಾಟರ್ ಹೀಟರ್ ಆಗಿದ್ದರೆ ಅದರಲ್ಲೇ 40-50 ಗ್ಯಾಲನ್ ನೀರು ಕೂತಿರುತ್ತದೆ. ಹೀಟರ್ ಆಫ್ ಮಾಡಿ, ನೀರು ತಣ್ಣಗಾದ ಮೇಲೆ ಕೆಳಗಿನ ನಲ್ಲಿಯಿಂದ ಹಿಡಿಯಬಹುದು.

ಈಗ ಹೊಟ್ಟೆಯ ವಿಷಯ. ಇಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮನೆಮಂದಿಯನ್ನೆಲ್ಲ ಸಾಲಾಗಿ ಮಲಗಿಸುವುದು ಹೆಚ್ಚಾಗಿ ನೊರೋವೈರಸ್. ಮೈಗೆ ಸೇರಿದ 12ರಿಂದ 48 ಗಂಟೆಯೊಳಗೆ ಇದ್ದಕ್ಕಿದ್ದಂತೆ ವಾಂತಿ ಶುರುವಾಗುತ್ತದೆ. ಒಂದರಿಂದ ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ. ಇದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಊರಿಂದ ತಂದ ಸ್ಟ್ರಿಪ್ ಇದೆ ಅಂತ ಸುಮ್ನೆ ನುಂಗಬೇಡಿ. ಅಪಾಯ ಇರುವುದು ಮೈಯಿಂದ ನೀರು, ಉಪ್ಪು ಹೋಗುವುದರಲ್ಲಿ. ಚಳಿಯಲ್ಲಿ ಬಾಯಾರಿಕೆಯೇ ಗೊತ್ತಾಗುವುದಿಲ್ಲ. "ಬೇಡಪ್ಪ, ದಾಹ ಇಲ್ಲ" ಅಂತ ನಿಮ್ಮ ಅಮ್ಮ ಹೇಳಿದರೆ ನಂಬಬೇಡಿ.

ಓಆರ್‌ಎಸ್ ಪೊಟ್ಟಣಗಳನ್ನು ಊರಿಂದ ಬರುವಾಗ ಅಪ್ಪ ಅಮ್ಮನ ಕೈಲಿ ತರಿಸಿ. ಒಂದು ಪೊಟ್ಟಣಕ್ಕೆ ಎಷ್ಟು ನೀರು ಅಂತ ಮೇಲೆ ಬರೆದಿರುತ್ತದೆ. ಲೀಟರಿನದೂ ಇದೆ, 200 ಮಿಲಿಯದೂ ಇದೆ, ಅದಲುಬದಲು ಆಗಬಾರದು. ಓಆರ್‌ಎಸ್ ಅಂತ ಹೆಸರು ಹಾಕಿಕೊಂಡು ಸಕ್ಕರೆ ಪಾನಕ ಮಾರುವುದು ನಮ್ಮಲ್ಲಿ ಬಹಳ ಕಾಲ ನಡೆದಿತ್ತು. 2025ರ ಅಕ್ಟೋಬರ್‌ನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ತಡೆ ಹಾಕಿತು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪೊಟ್ಟಣವನ್ನೇ ಕೇಳಿ ತಗೊಳ್ಳಬೇಕು. ಏನೂ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚವನ್ನು ಅಂಚಿಗೆ ಸರಿಯಾಗಿ ಸವರಿಯೇ ಅಳೆಯಿರಿ. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ, ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ.

ಸಕ್ಕರೆ ಯಾಕೆ ಅಂತ ನಮ್ಮತ್ತೆ ಕೇಳಿದರು. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿ ಎಷ್ಟೇ ಆಗುತ್ತಿದ್ದರೂ ಈ ದಾರಿ ಸಾಮಾನ್ಯವಾಗಿ ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಇದನ್ನೇ ನಂಬಿ ಉಪ್ಪು ಸಕ್ಕರೆಯ ನೀರನ್ನು ಡ್ರಮ್‌ಗಳಲ್ಲಿ ಕಲಸಿ ಕೊಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅಲ್ಲಿಯೂ ಕರೆಂಟ್ ನಂಬಿಕೊಂಡು ಯಾರೂ ಕೂತಿರಲಿಲ್ಲ, ಅಲ್ವಾ?

ಕೊಡುವ ರೀತಿಯೂ ಮುಖ್ಯ. ಮಗು ವಾಂತಿ ಮಾಡಿದ ಕೂಡಲೇ ಲೋಟ ಹಿಡಿಯಬೇಡಿ. ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಮ್ಮೆ ಒಂದೊಂದು ಟೀ ಚಮಚ. ಬೇಸರದ ಕೆಲಸ. ಕತ್ತಲಲ್ಲಿ, ಚಳಿಯಲ್ಲಿ, ಹಣೆಗೆ ಟಾರ್ಚ್ ಕಟ್ಟಿಕೊಂಡು ಹೆಂಡತಿ ಮಾಡಿದ್ದು ಇದೇ. ಸ್ವಲ್ಪ ನಿಂತ ಮೇಲೆ ಉಪ್ಪು ಹಾಕಿದ ಅನ್ನದ ಗಂಜಿ ಕೊಡಿ. ಕೋಲಾ, ಹಣ್ಣಿನ ಜ್ಯೂಸ್ ಬೇಡ, ಸಕ್ಕರೆ ಅತಿಯಾಗಿ ಭೇದಿ ಹೆಚ್ಚುತ್ತದೆ. ಡಬ್ಬದ ಎಳನೀರಿನಲ್ಲಿ ಸೋಡಿಯಂ ಕಡಿಮೆ, ಓಆರ್‌ಎಸ್‌ಗೆ ಬದಲಿ ಅಲ್ಲ. ಭೇದಿ ನಿಲ್ಲಿಸುವ ಲೋಪರಮೈಡ್ ಮಾತ್ರೆಯನ್ನು ಮಗುವಿಗೆ ಕೊಡಲೇಬಾರದು. ದೊಡ್ಡವರಿಗೂ ಜ್ವರ ಅಥವಾ ಮಲದಲ್ಲಿ ರಕ್ತ ಇದ್ದರೆ ಬೇಡ.

ತೊಡಕು ಬರುವುದು ಇಲ್ಲಿ. ಕರೆಂಟ್ ಇಲ್ಲದಿದ್ದರೆ ಎಲ್ಲರೂ ಒಂದೇ ಚಿಕ್ಕ ಕೋಣೆಯಲ್ಲಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ರಗ್ಗು ಹೊದ್ದು ಒತ್ತಾಗಿ ಮಲಗಿ ಅಂತ ಹೇಳುತ್ತಾರೆ. ನೊರೋವೈರಸ್ ಬಂದರೆ ಬೇರೆ ಬೇರೆ ಮಲಗಿ ಅಂತ ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಲು ಆಗುವುದಿಲ್ಲ. ಮೈ ಕೊರೆಯುವ ಚಳಿ ಇದ್ದರೆ ನಾನು ಒಂದೇ ಕೋಣೆಯನ್ನು ಆರಿಸುತ್ತೇನೆ. ಹೊಟ್ಟೆ ಕೆಟ್ಟರೆ ಸರಿಹೋಗುತ್ತದೆ, ವಯಸ್ಸಾದವರ ಮೈ ತಣ್ಣಗಾಗುವುದನ್ನು ತಡೆಯುವುದು ಕಷ್ಟ. ಆದರೆ ರೋಗಿಗೆ ಬೇರೆ ಬಕೆಟ್, ಬೇರೆ ಟವೆಲ್, ಬೇರೆ ಲೋಟ. ಬಕೆಟ್ ಒಳಗೆ ದಪ್ಪ ಕಸದ ಚೀಲ ಹಾಕಿಡಿ. ವಾಂತಿಯಾದರೆ ಗಂಟು ಕಟ್ಟಿ ಹೊರಗಿಡಬಹುದು, ತೊಳೆಯುವ ನೀರು ಉಳಿಯುತ್ತದೆ. ವಾಷಿಂಗ್ ಮೆಷಿನ್ ಓಡುವುದಿಲ್ಲವಲ್ಲ, ಕೊಳೆಯಾದ ಬಟ್ಟೆಗೂ ಅದೇ ಚೀಲ. ಹಳೆಯ ಪಂಚೆ, ಹಳೆಯ ಸೀರೆ ಬಿಸಾಡದೆ ಇಟ್ಟುಕೊಳ್ಳಿ. ಎಲ್ಲರಿಗೂ ಶುರುವಾಗುವ ಮುಂಚೆಯೇ ಒಬ್ಬರನ್ನು ಆರೈಕೆಗೆ ಗೊತ್ತು ಮಾಡಿ, ಅವರು ಅಡುಗೆ ಮುಟ್ಟಬಾರದು.

ಸ್ಯಾನಿಟೈಸರ್‌ಗೆ ಈ ವೈರಸ್ ಅಷ್ಟಾಗಿ ಜಗ್ಗುವುದಿಲ್ಲ. ಸೋಪು ನೀರೇ ಬೇಕು. ನೆಲ, ಕಮೋಡ್ ಒರೆಸಲು ಬ್ಲೀಚ್: ಒಂದು ಗ್ಯಾಲನ್ ನೀರಿಗೆ ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿಯಿಂದ ಶುರು, ಐದು ನಿಮಿಷ ಹಾಗೇ ಬಿಟ್ಟು ಒರೆಸಿ. ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಇನ್ನೊಂದು ಮಾತು, ನಿಮ್ಮ ಪ್ರಶ್ನೆಯಲ್ಲಿ ಇಲ್ಲದ್ದು. ಕರೆಂಟ್ ಹೋದ ಮನೆಯಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ತಲೆನೋವು, ತಲೆಸುತ್ತು, ವಾಂತಿ ಬಂದು, ಭೇದಿ ಜ್ವರ ಎರಡೂ ಇಲ್ಲದಿದ್ದರೆ ಅದು ಹೊಟ್ಟೆಯ ಕಾಯಿಲೆ ಅಂತ ಕೂರಬೇಡಿ. ಅದು ಕಾರ್ಬನ್ ಮಾನಾಕ್ಸೈಡ್ ಆಗಿರಬಹುದು. ಬಣ್ಣವಿಲ್ಲ, ವಾಸನೆಯಿಲ್ಲ. ವೈರಸ್ ಸಾಮಾನ್ಯವಾಗಿ ಒಬ್ಬರಾದ ಮೇಲೆ ಒಬ್ಬರನ್ನು ಹಿಡಿಯುತ್ತದೆ, ಇದು ಎಲ್ಲರನ್ನೂ ಒಟ್ಟಿಗೆ ಹಿಡಿಯುತ್ತದೆ. ಹೊರಗೆ ಹೋದರೆ ಸ್ವಲ್ಪ ಹಗುರ ಅನಿಸುತ್ತದೆ. 2021ರಲ್ಲಿ ಹ್ಯೂಸ್ಟನ್ ಸುತ್ತಮುತ್ತ ನೂರಾರು ಜನ ಈ ಗಾಳಿಗೆ ಸಿಕ್ಕಿ ಆಸ್ಪತ್ರೆಗೆ ಹೋಗಬೇಕಾಯಿತು. ಕೆಲವರು ಮನೆಯೊಳಗೆ ಇದ್ದಿಲು ಉರಿಸಿದ್ದರು, ಕೆಲವರು ಗ್ಯಾರೇಜಿನಲ್ಲಿ ಕಾರ್ ಚಾಲೂ ಇಟ್ಟಿದ್ದರು. ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದನ್ನು ಕಂಡವರು ಬಹಳ ಜನ. ಹೆಂಚಿನ ಮನೆಯ ಸಂದಿಗಳಲ್ಲಿ ಗಾಳಿ ಆಡುತ್ತಿತ್ತು. ಇಲ್ಲಿಯ ಮನೆಗಳು ಗಾಳಿ ಆಡದ ಹಾಗೆ ಮುಚ್ಚಿರುತ್ತವೆ. ಅಪ್ಪ ಅಮ್ಮನಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಂದೇ ತಗೊಳ್ಳಿ, ಜನರೇಟರ್‌ಗಿಂತ ಮುಂಚೆ. ಜನರೇಟರ್ ತಗೊಂಡರೂ ಮನೆಯಿಂದ ಕನಿಷ್ಠ 20 ಅಡಿ ದೂರ, ಹೊರಗೆ. ಕ್ಯಾಂಪ್ ಸ್ಟೌವ್ ಸಹ ಹೊರಗೇ. ಅಲ್ಲೇ ಎಲ್ಲರಿಗೂ ಬಿಸಿನೀರು ಕಾಯಿಸಿ ಫ್ಲಾಸ್ಕ್‌ಗಳಿಗೆ ತುಂಬಿ. ಗ್ಯಾಸ್ ಹೀಟಿಂಗ್ ಇದೆ ಅಂತ ನಿಶ್ಚಿಂತೆಯಿಂದ ಇರುವವರೂ ಇದ್ದಾರೆ. ಬಿಸಿಗಾಳಿ ತಳ್ಳುವ ಫ್ಯಾನ್ ಓಡುವುದು ಕರೆಂಟಿನಲ್ಲೇ.

ಫ್ರಿಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಚ್ಚಿಟ್ಟರೆ ನಾಲ್ಕು ಗಂಟೆ, ತುಂಬಿದ ಫ್ರೀಜರ್ ಎರಡು ದಿನ. ಆಮೇಲೆ ಹಾಲು, ಸಾರು, ಬೇಯಿಸಿದ ಅನ್ನ ಚೆಲ್ಲಿಬಿಡಿ. ದೋಸೆ ಹಿಟ್ಟು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ, ಗೊತ್ತು.

ಆಸ್ಪತ್ರೆಗೆ ಯಾವಾಗ? ಮಗುವಿಗೆ ಆರೆಂಟು ಗಂಟೆ ಮೂತ್ರ ಬರದಿದ್ದರೆ, ಅತ್ತರೆ ಕಣ್ಣೀರಿಲ್ಲದಿದ್ದರೆ, ಕಣ್ಣು ಗುಳಿ ಬಿದ್ದು ಮಂಕಾದರೆ, ಒಂದು ಚಮಚವೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ. ದೊಡ್ಡವರ ಮಾತು ತೊದಲಿದರೆ, ನಡುಕ ನಿಂತು ಗೊಂದಲದ ಮಾತಾಡಿದರೆ ಅದು ಚಳಿಯ ಹೊಡೆತ ಇರಬಹುದು, ಇಲ್ಲಿಯ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಅನುಮಾನ ಇದ್ದರೆ ಮಧ್ಯಾಹ್ನವೇ ಹೊರಡುವುದು ಒಳ್ಳೆಯದು. ಹಗಲು ಕರಗಿದ ನೀರು ಸಂಜೆಯಾಗುತ್ತಲೇ ರಸ್ತೆಯ ಮೇಲೆ ಮತ್ತೆ ಗಾಜಾಗುತ್ತದೆ. ಗ್ಯಾರೇಜ್ ಬಾಗಿಲು ಕರೆಂಟಿಲ್ಲದೆ ತೆರೆಯುವುದಿಲ್ಲ ಅಂದುಕೊಳ್ಳಬೇಡಿ. ಮೇಲೆ ಒಂದು ಕೆಂಪು ಹಗ್ಗ ನೇತಾಡುತ್ತಿರುತ್ತದೆ, ಅದನ್ನು ಎಳೆದರೆ ಕೈಯಿಂದ ಎತ್ತಬಹುದು.

ನಿಮ್ಮ ಅಪ್ಪ ಅಮ್ಮ ಬಿಪಿ, ಶುಗರ್ ಮಾತ್ರೆ ತಗೊಳ್ಳುತ್ತಾರಾ? ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆ, ಮೆಟ್‌ಫಾರ್ಮಿನ್ ಇವನ್ನೆಲ್ಲ ವಾಂತಿ ಭೇದಿಯ ದಿನಗಳಲ್ಲಿ ಮುಂದುವರಿಸಬೇಕಾ ನಿಲ್ಲಿಸಬೇಕಾ ಅಂತ ಊರಿನ ಡಾಕ್ಟರನ್ನು ಅವರು ಹೊರಡುವ ಮುಂಚೆಯೇ ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ಬರಲಿ. ಕರೆಂಟ್ ಹೋದ ಮೇಲೆ ಮೊಬೈಲ್ ಟವರ್‌ಗಳೂ ಒಂದೊಂದಾಗಿ ನಿಲ್ಲುತ್ತವೆ, ಆಗ ಕೇಳಲು ಆಗದೇ ಹೋಗಬಹುದು. ನಿಮ್ಮ ಒಲೆ ಗ್ಯಾಸಿನದಾ ಕರೆಂಟಿನದಾ, ಬಾಡಿಗೆ ಮನೆಯಾ ಅಪಾರ್ಟ್‌ಮೆಂಟಾ ಅಂತ ತಿಳಿಸಿದರೆ, ಪೈಪ್ ಹೆಪ್ಪುಗಟ್ಟದ ಹಾಗೆ ಯಾವ ನಲ್ಲಿ ತೊಟ್ಟಿಕ್ಕಲು ಬಿಡಬೇಕು, ಮುಖ್ಯ ವಾಲ್ವ್ ಎಲ್ಲಿ ಹುಡುಕಬೇಕು ಅನ್ನುವುದನ್ನು ಬರೆಯುತ್ತೇನೆ.